ಟೊಲೆಡೊ ಪೇಟೆಯ ಹೆಸರಿಲ್ಲದ ಅನುವಾದಕ

ಗಾಳಿಗಿರಣಿಗಳನ್ನು ರಾಕ್ಷಸರೆಂದು ಬಗೆದು ಈಟಿ ಹಿಡಿದು ನುಗ್ಗುವ ಡಾನ್ ಕ್ವಿಕ್ಸಾಟ್‌ನನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲೇ ಸಂಗ್ರಹರೂಪದಲ್ಲಿ ಓದಿದ್ದೇವೆ. ಸ್ಪ್ಯಾನಿಷ್ ಲೇಖಕ ಸರ್ವಾಂಟಿಸ್‌ನ ಈ ಕಾದಂಬರಿ 1605 ಮತ್ತು 1615ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಒಮಾನಿನಲ್ಲಿ ನೆಲೆಸಿರುವ ನಾವು ಅದನ್ನು ಪೂರ್ತಿಯಾಗಿ ಮತ್ತೆ ಓದಲು ವಿಶೇಷ ಕಾರಣವೊಂದಿದೆ. ಈ ಕೃತಿ ತನ್ನನ್ನು ಅರಬ್ಬಿಯಿಂದ ಬಂದ ಅನುವಾದವೆಂದು ಹೇಳಿಕೊಳ್ಳುತ್ತದೆ.

ಮೊದಲ ಭಾಗದ 8ನೇ ಅಧ್ಯಾಯದ ಕೊನೆಯಲ್ಲಿ ಇಬ್ಬರು ಕತ್ತಿ ಎತ್ತಿ ನಿಂತಿರುವಾಗಲೇ ಕಥೆ ನಿಂತುಬಿಡುತ್ತದೆ. ಮುಂದಿನದು ತನಗೆ ಸಿಕ್ಕಿಲ್ಲ ಎನ್ನುವ ನಿರೂಪಕನಿಗೆ ಟೊಲೆಡೊ ಪೇಟೆಯಲ್ಲಿ ಹಳೆಯ ಕಾಗದ ಮಾರುವ ಹುಡುಗನೊಬ್ಬ ಕಾಣುತ್ತಾನೆ. ಬರಹ ಅರಬ್ಬಿಯಲ್ಲಿದೆ. ಓದಿ ಹೇಳಲು ಒಬ್ಬ ಮೊರಿಸ್ಕೊ, ಅಂದರೆ ಒತ್ತಾಯದಿಂದ ಕ್ರೈಸ್ತರಾದ ಮುಸ್ಲಿಮರ ವಂಶದವನು, ಸಿಗುತ್ತಾನೆ. ನೋಡಿದರೆ ಅದು ಸೀದ್ ಹಮೇತೆ ಬೆನೆಂಗೇಲಿ ಎಂಬ ಅರಬ್ ಇತಿಹಾಸಕಾರ ಬರೆದ ಕ್ವಿಕ್ಸಾಟ್‌ನ ಚರಿತ್ರೆ! ಒಣದ್ರಾಕ್ಷಿ ಮತ್ತು ಗೋಧಿಯ ಸಂಭಾವನೆಗೆ ಮೊರಿಸ್ಕೊ ಒಂದೂವರೆ ತಿಂಗಳಲ್ಲಿ ಅದನ್ನು ಅನುವಾದಿಸಿ ಕೊಡುತ್ತಾನೆ.

ದೊರೆತ ಹಸ್ತಪ್ರತಿಯ ನೆಪ ಅಂದಿನ ವೀರಗಾಥೆಗಳಲ್ಲಿ ಸಾಮಾನ್ಯವಾಗಿತ್ತು. ಸರ್ವಾಂಟಿಸ್ ಅದನ್ನು ಗೇಲಿ ಮಾಡುತ್ತಿದ್ದಾನೆ, ನಿಜ. ಆದರೆ ಅಷ್ಟೇ ಅಲ್ಲ. 1575ರಿಂದ 1580ರವರೆಗೆ ಅಲ್ಜೀರ್ಸ್‌ನಲ್ಲಿ ಸೆರೆಯಾಳಾಗಿದ್ದ ಆತ ಅರಬ್ಬಿ ಲೋಕವನ್ನು ಹತ್ತಿರದಿಂದ ಕಂಡವನು. ಅರಬರು ಸುಳ್ಳುಗಾರರೆಂದು ನಿರೂಪಕ ಗೊಣಗುತ್ತಾನೆ. ಆದರೂ ಅರಬನ ಬರಹವಿಲ್ಲದೆ ಅವನ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗದು. ಇಲ್ಲಿ ನಗೆಪಾಟಲಾಗುವುದು ಆ ಪೂರ್ವಗ್ರಹವೇ ಎಂದು ನನ್ನ ಓದು.

ಎರಡನೇ ಭಾಗದಲ್ಲಿ ಈ ನಗೆ ನೋವಾಗುತ್ತದೆ. 1609ರಿಂದ 1614ರ ನಡುವೆ ಸ್ಪೇನ್ ಮೊರಿಸ್ಕೊಗಳನ್ನು ಹೊರಹಾಕಿತು. 54ನೇ ಅಧ್ಯಾಯದಲ್ಲಿ ಸಾಂಚೊನ ಊರಿನ ಅಂಗಡಿಕಾರ, ಮೊರಿಸ್ಕೊ ರಿಕೋಟೆ, ಯಾತ್ರಿಕನ ವೇಷದಲ್ಲಿ ಕದ್ದು ಮರಳುತ್ತಾನೆ. ಎಲ್ಲಿದ್ದರೂ ಹುಟ್ಟಿದ ನಾಡಿಗಾಗಿ ಅಳುತ್ತೇವೆ ಎಂಬ ಅವನ ಅಳಲು ನಮಗೆ ಅರ್ಥವಾಗುತ್ತದೆ. ಆದರೆ ನಾವು ರಜೆಗೆ ಊರಿಗೆ ಹೋಗಬಲ್ಲೆವು. ಅವನಿಗೆ ಅದೂ ಅಪರಾಧ. ಸಾಂಚೊ ಅವನ ಹೂತಿಟ್ಟ ಹಣ ಅಗೆಯಲು ನೆರವಾಗುವುದಿಲ್ಲ. ಆದರೆ ಹಳೆಯ ನೆರೆಯವನನ್ನು ಹಿಡಿದುಕೊಡುವುದೂ ಇಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿ: ಇಡೀ ಕಥೆಯನ್ನು ದಾಟಿಸಿದ ಆ ಟೊಲೆಡೊದ ಮೊರಿಸ್ಕೊನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ನಮ್ಮ ಓದಿನಲ್ಲೂ ಇದೇ ಲೋಪವಿದೆ. ಮಾರ್ಕ್ವೆಜ್‌ನನ್ನು ಹೊಗಳುವವರು 'ಒಂದು ನೂರು ವರ್ಷಗಳ ಏಕಾಂತ'ವನ್ನು ಕನ್ನಡಕ್ಕೆ ತಂದ ಎ.ಎನ್. ಪ್ರಸನ್ನರನ್ನು ಎಷ್ಟು ಸಲ ನೆನೆಯುತ್ತೇವೆ? 2019ರಲ್ಲಿ ಒಮಾನಿನ ಜೋಖಾ ಅಲ್‌ಹಾರ್ತಿ ಅವರ ಕಾದಂಬರಿಗೆ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ, ಅರ್ಧ ಹಣ ಅದನ್ನು ಇಂಗ್ಲಿಷಿಗೆ ತಂದ ಮರಿಲಿನ್ ಬೂತ್ ಅವರಿಗೆ ಸಂದಿತು. ಅದು ನ್ಯಾಯ.

ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿರುವ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಒಮಾನಿ ಕಥೆಯೊಂದನ್ನು ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಕನ್ನಡಕ್ಕೆ ತರಲಿ. ಆಗ ಅನುವಾದಕರ ಹೆಸರನ್ನು ಮುಖಪುಟದಲ್ಲೇ ಅಚ್ಚು ಹಾಕೋಣ.