ಜಮಖಾನದ ಹೆಸರೂ ನೇಯುವವಳ ಮಾತೂ

ಒಂದು ಪದಾರ್ಥಕ್ಕೆ ಲೋಕದಲ್ಲಿ ಹೆಸರನ್ನೂ ಆ ಹೆಸರಿಗೆ ತಕ್ಕ ಮನ್ನಣೆಯನ್ನೂ ದೊರಕಿಸಿಕೊಡುವುದನ್ನೇ ವೃತ್ತಿಯಾಗಿ ಕೈಕೊಂಡವರು, ಮಹಾನಗರಗಳ ಕಂಪನಿಗಳ ಸೇವೆಯಲ್ಲಿ ಬಹುಕಾಲ ಪಳಗಿದವರು, ಈಚೆಗೆ ಕರಕುಶಲ ಯೋಜನೆಗಳ ಬೆನ್ನುಹತ್ತಿ ಧಾರವಾಡ ಜಿಲ್ಲೆಯ ಹಳ್ಳಿ ಪಟ್ಟಣಗಳಿಗೂ ಬರುತ್ತಿದ್ದಾರೆ. ಬ್ರ್ಯಾಂಡ್ ಕಟ್ಟುವುದೆಂದು ವ್ಯವಹಾರದಲ್ಲಿ ಕರೆಯಲ್ಪಡುವ ಈ ಕಾರ್ಯವು ಹೀನವಾದುದೇನಲ್ಲ. ಒಳ್ಳೆಯ ಸರಕು ಹೆಸರಿಲ್ಲದೆ ಮೂಲೆಗುಂಪಾದುದನ್ನು ಕಂಡು ಮರುಗಿದ ಯಾರೂ ಅದನ್ನು ಹಳಿಯಲಾರರು. ಯಾರ ಪರವಾಗಿ ಆ ಹೆಸರು ಹೊರಟಿತೋ ಅವರ ಮಾತನ್ನು ಅದು ಎಷ್ಟರಮಟ್ಟಿಗೆ ಕೇಳಿಸಿಕೊಂಡಿತೆಂಬುದನ್ನು ನೋಡಿಯೇ ಈ ಕಾರ್ಯದ ಗುಣದೋಷಗಳನ್ನು ನಿರ್ಣಯಿಸಬೇಕೆಂದು ನನಗೆ ತೋರುವುದರಿಂದ, ಅದೇ ಜಿಲ್ಲೆಯ ನವಲಗುಂದದ ಜಮಖಾನವನ್ನು ಮುಂದಿಟ್ಟುಕೊಂಡು ಆ ವಿಚಾರಕ್ಕೆ ತೊಡಗುತ್ತೇನೆ.

ಆದಿಲಶಾಹಿಯ ಕಾಲದಲ್ಲಿ ಬಿಜಾಪುರದಿಂದ ಹೊರಟು ಈ ಎರೆಭೂಮಿಯ ಊರಿಗೆ ಬಂದು ನೆಲಸಿದವೆಂದು ಹೇಳಲಾಗುವ ಮುಸಲ್ಮಾನ ಕುಟುಂಬಗಳಲ್ಲಿ ಈ ಕಸುಬು ಹೆಂಗಸರದು. ಮಗ್ಗವು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಪಕ್ಕಪಕ್ಕದಲ್ಲಿ ಕುಳಿತವರು, ಬಣ್ಣದ ಹತ್ತಿನೂಲಿನ ಹೊಕ್ಕನ್ನು ಹಾಸಿನ ಎಳೆಗಳ ನಡುವೆ ಕೈಯಿಂದಲೇ ಹಾಯಿಸಿ, ಒಂದೊಂದು ಸಾಲು ಮುಗಿದಂತೆ ಪಂಜದಿಂದ ಕುಟ್ಟಿ ಬಿಗಿಗೊಳಿಸುತ್ತ, ನಡುವೆ ಪಗಡೆಯ ಹಾಸನ್ನೂ ಅದರ ಮಗ್ಗುಲಲ್ಲಿ ನವಿಲುಗಳನ್ನೂ ಮೂಡಿಸುತ್ತಾರೆ. ನೂಲು ನೇರವಾಗಿ ಓಡತಕ್ಕದ್ದಾದುದರಿಂದ ಬಾಗಿದ ಗೆರೆಗೆ ಅಲ್ಲಿ ಆಸ್ಪದವಿಲ್ಲ; ನವಿಲಿನ ಕೊರಳೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು, ಆ ಮೆಟ್ಟಿಲುಗಳ ಎಣಿಕೆ ನೇಯುವವಳ ಬೆರಳುಗಳಲ್ಲಿ ಇರಬೇಕು. ನೆಲಕ್ಕೆ ಹಾಸುವ ಜಮಖಾನ, ನಮಾಜಿಗೆ ಬಳಸುವ ಜಾನಮಾಜ್, ಬಹೂಪಯೋಗಿಯಾದ ಗುದ್ದಾರ್ ಎಂದು ಈ ನೇಯ್ಗೆಯಲ್ಲಿ ಭೇದಗಳುಂಟು.

1999ರಲ್ಲಿ ಸಂಸತ್ತಿನ ಅಂಗೀಕಾರ ಪಡೆದು 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ 2011ರಲ್ಲಿ ಈ ಜಮಖಾನಕ್ಕೆ ನೋಂದಣಿ ದೊರೆಯಿತು. ಅನ್ಯತ್ರ ಯಂತ್ರದಲ್ಲಿ ನೇಯ್ದುದನ್ನು ನವಲಗುಂದದ್ದೆಂದು ಮಾರುವವರ ಕೈ ಕಟ್ಟುವುದಕ್ಕೆ ಅದು ಸಮರ್ಥವಾದ ಸಾಧನ. ಅದನ್ನು ದೊರಕಿಸಿದವರ ಶ್ರಮ ಸ್ತುತ್ಯರ್ಹ. ಆದರೆ ಆ ಕಾಯಿದೆಯ ನೋಂದಣಿ ಪುಸ್ತಕಕ್ಕೆ ಎರಡು ಭಾಗಗಳಿವೆ: ಮೊದಲನೆಯದರಲ್ಲಿ ಹೆಸರೂ ಅದರ ಒಡೆತನವೂ ದಾಖಲಾಗುತ್ತವೆ, ಎರಡನೆಯದರಲ್ಲಿ ಆ ಹೆಸರನ್ನು ಬಳಸಲು ಅಧಿಕಾರ ಪಡೆದ ಉತ್ಪಾದಕರು. ನಮ್ಮ ಸಮಾರಂಭಗಳೂ ವರದಿಗಳೂ ಮೊದಲ ಭಾಗದ ಮುಂದೆಯೇ ನಿಂತು ಸಂತುಷ್ಟವಾಗುವುದನ್ನು ಕಾಣುತ್ತೇನೆ. ಎರಡನೆಯ ಭಾಗದಲ್ಲಿ ಮಗ್ಗದ ಮುಂದೆ ಕುಳಿತ ಹೆಣ್ಣಿನ ಹೆಸರಿದೆಯೇ, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಈ ಹಕ್ಕು ತನ್ನದೆಂಬ ಅರಿವು ಅವಳಿಗಿದೆಯೇ ಎಂದು ವಿಚಾರಿಸುವ ಉತ್ಸಾಹ ಅಷ್ಟಾಗಿ ಕಾಣದು.

ದೋಷದ ಮೂಲ ಇರುವುದು ಇಲ್ಲಿಯೇ. ಬ್ರ್ಯಾಂಡಿನ ಕೆಲಸದಲ್ಲಿ ಕಕ್ಷಿದಾರನ ಮಾತನ್ನು ಕೇಳಬೇಕೆಂಬುದು ಎಲ್ಲರೂ ಒಪ್ಪುವ ತತ್ವ. ಆದರೆ ಸಂಭಾವನೆಯ ಹಣ ಇಲಾಖೆಯಿಂದಲೋ ಸಂಸ್ಥೆಯಿಂದಲೋ ಬರುವುದರಿಂದ, ಹಣ ಕೊಟ್ಟವರೇ ಕಕ್ಷಿದಾರರೆಂಬ ಭಾವನೆ ಅರಿವಿಲ್ಲದೆಯೇ ಬೇರೂರಿ, ಅವರ ಇಷ್ಟವನ್ನೂ ನಗರದ ಗ್ರಾಹಕರ ಅಭಿರುಚಿಯನ್ನೂ ಸಾವಧಾನವಾಗಿ ಕೇಳಿದ ತಜ್ಞರು ನೇಯುವವಳಿಗೆ ಬಂದಾಗ ಒಂದು ಮಧ್ಯಾಹ್ನವನ್ನಷ್ಟೇ ಮೀಸಲಿಡುತ್ತಾರೆ. ಆ ಮಧ್ಯಾಹ್ನದಲ್ಲಿ ಅವಳು ಏನು ಹೇಳಬಲ್ಲಳು? “ಮಾರ್ಕೆಟ್ ಸಿಕ್ಕರ ಸಾಕ್ರಿ” ಎನ್ನುತ್ತಾಳೆ, ಏಕೆಂದರೆ ಬಂದವರು ಆ ಉತ್ತರವನ್ನು ನಿರೀಕ್ಷಿಸುತ್ತಾರೆಂಬುದನ್ನು ಅವಳು ಬಲ್ಲಳು. ಅತಿಥಿಯ ಮನಸ್ಸಿಗೆ ನೋವಾಗದಂತೆ ಮಾತಾಡುವುದು ನಮ್ಮ ಸೀಮೆಯ ನಡವಳಿಕೆ. ಕಾಗದ ಪೆನ್ನುಗಳನ್ನು ಒಳಗಿಟ್ಟ ಮೇಲೆ, ಚಹಾ ಬಂದು ಮಾತು ಬೇರೆ ಕಡೆಗೆ ಹೊರಳಿದ ಮೇಲೆ, ನೂಲಿನ ಬಣ್ಣ ಹಿಂದಿನಂತೆ ನಿಲ್ಲುವುದಿಲ್ಲವೆಂಬುದೂ, ಒಂದು ಜಮಖಾನಕ್ಕೆ ಹಿಡಿದ ದಿನಗಳಿಗೆ ಕೂಲಿ ಹಂಚಿನೋಡಿದರೆ ಹೊಲದ ಕೆಲಸವೇ ಮೇಲೆಂಬುದೂ, ಬೆನ್ನು ನೋವೂ ಒಂದೊಂದಾಗಿ ಹೊರಬರುತ್ತವೆ. ಎರೆಹೊಲದ ಒಕ್ಕಲಿಗನು ಕೂರಿಗೆ ಹೂಡುವ ಮೊದಲು ಕೈಯಿಂದ ಮಣ್ಣು ತೋಡಿ ಹಸಿ ಎಷ್ಟು ಆಳಕ್ಕಿದೆಯೆಂದು ನೋಡುವ ಹಾಗೆ, ಈ ಎರಡನೆಯ ಮಾತಿನವರೆಗೆ ತಾಳ್ಮೆಯಿಂದ ಕುಳಿತವನಿಗೆ ಮಾತ್ರ ಕಾರ್ಯಾರಂಭದ ಅಧಿಕಾರವುಂಟು.

ಕೇಳುವ ವಿದ್ಯೆಯನ್ನು ಈ ತಜ್ಞರು ದೂರ ಹೋಗಿ ಕಲಿಯಬೇಕಾಗಿಲ್ಲ. ಅದೇ ಜಿಲ್ಲೆಯ ಮಲೆನಾಡ ಸೆರಗಿನ ಕಲಘಟಗಿಯಲ್ಲಿ, ಸಾಗುವಾನಿಯ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚಿ ಚಿತ್ರ ಬರೆಯುವ ಚಿತ್ರಗಾರರ ಮನೆಗಳಲ್ಲಿ, ಅದು ವಂಶಪರಂಪರೆಯಾಗಿ ನಡೆದು ಬಂದಿದೆ. ತೊಟ್ಟಿಲು ಬೇಕೆಂದು ಬಂದವರಿಗೆ ಅಲ್ಲಿ ಮೊದಲು ಎದುರಾಗುವುದು ಬೆಲೆಯ ಮಾತಲ್ಲ, ಪ್ರಶ್ನೆ: ಯಾರ ಮನೆಯ ಕೂಸು, ಬಾಣಂತನ ತವರಿನಲ್ಲೋ ಅತ್ತೆಯ ಮನೆಯಲ್ಲೋ, “ಮನ್ಯಾಗ ತೊಲಿ ಐತೇನ್ರಿ, ಇಲ್ಲಾ ಸ್ಟ್ಯಾಂಡ್ ಮಾಡೂಣೇನ್ರಿ?” ತೊಲೆಯಿಲ್ಲದ ಹೊಸ ಆರ್‌ಸಿಸಿ ಮನೆಯ ಅಡಚಣೆ ಆ ಒಂದು ಪ್ರಶ್ನೆಯಲ್ಲಿ ತಾನಾಗಿ ಬಯಲಾಗುತ್ತದೆ. ಕೃಷ್ಣನ ಬಾಲಲೀಲೆಯೋ ರಾಮಾಯಣದ ಪ್ರಸಂಗವೋ ಎಂಬುದು ಮನೆಯವರ ಭಕ್ತಿಯನ್ನನುಸರಿಸಿ ನಿಶ್ಚಯವಾಗುತ್ತದೆ. ಮುಸಲ್ಮಾನರ ಮನೆಗಾದರೆ ದೇವತಾಮೂರ್ತಿಗಳನ್ನು ಬಿಟ್ಟು ಹೂಬಳ್ಳಿಗಳು ಬರುತ್ತವೆ. ನಟ ಅಂಬರೀಶ್ ಅವರು ನಟ ಯಶ್ ಅವರ ಕೂಸಿಗೆಂದು ಹೇಳಿ ಮಾಡಿಸಿದ ತೊಟ್ಟಿಲು, 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡ ಮೇಲೆ ಯಶ್ ಅವರ ಮನೆಯನ್ನು ಸೇರಿದಾಗ, ಕಲಘಟಗಿಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಯಾವ ಪ್ರಚಾರತಂತ್ರವೂ ಇಲ್ಲದೆ ಬಂದ ಆ ಕೀರ್ತಿಯ ಹಿಂದೆ ಇದ್ದುದು ಕೇಳಿ ಕೇಳಿ ಮಾಡಿದ ಕೆಲಸದ ನೆಚ್ಚಿಕೆ.

ಪರದೇಶದವರಲ್ಲಿಯೂ ಇಂಥ ಶ್ರದ್ಧೆಗೆ ಉದಾಹರಣೆಯಿದೆ. ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ನಮ್ಮ ಲೋಟಾವನ್ನು ಮೆಚ್ಚಿದರು. ಅದರ ತೂಕವೆಷ್ಟಿರಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೊರುವುದು, ನೀರು ಸುರಿಯುವಾಗ ಸಮತೋಲ ಹೇಗೆ, ಬೆಲೆ ಏನು ಎಂದು ಪ್ರಶ್ನೆಗಳ ಸಾಲನ್ನೇ ಹೂಡಿದ ಬಳಿಕ ಮೆಚ್ಚಿದರು. ಆ ವರದಿಯ ಫಲವಾಗಿ ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿನಲ್ಲಿಯೇ ಈ ಪ್ರಶ್ನಶೀಲತೆ ಇತ್ತೆಂಬುದನ್ನು ಇಂದಿನ ವಿನ್ಯಾಸಕಾರರು ನೆನೆಯಬೇಕು.

ಕೇಳುವುದೆಂದರೆ ಹೇಳಿದುದಕ್ಕೆಲ್ಲ ತಲೆದೂಗುವುದೆಂದು ಮಾತ್ರ ನಾನು ಭಾವಿಸಿಲ್ಲ. ಬಣ್ಣ ಬಿಡುವ ನೂಲಿನ ಹಾಸನ್ನು ಇಂದಿನ ಗ್ರಾಹಕನು ಎರಡನೆಯ ಸಲ ಕೊಳ್ಳಲಾರನೆಂಬ ಅಪ್ರಿಯ ಸತ್ಯವನ್ನು ನೇಯುವವಳಿಗೆ ಹೇಳುವ ಧೈರ್ಯವೂ ತಜ್ಞನಿಗಿರಬೇಕು; ಅವಳ ಮಾತನ್ನು ಪೂರ್ತಿಯಾಗಿ ಕೇಳಿದವನು ಹೇಳಿದರೆ ಅದು ನಾಟುತ್ತದೆ. ಹೆಸರೊಂದೇ ಸಾಲದೆಂಬುದಕ್ಕೆ ಬ್ಯಾಡಗಿ ಮೆಣಸಿನಕಾಯಿಗಿಂತ ಕಣ್ಣಿಗೆ ಕುಕ್ಕುವ ಸಾಕ್ಷ್ಯ ಬೇಡ: ಕುಂದಗೋಳ, ಅಣ್ಣಿಗೇರಿಗಳ ಹೊಲದಲ್ಲಿಯೂ ಬೆಳೆಯುವ ಆ ಕಾಯಿ, ಕಡುಗೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಜಗತ್ಪ್ರಸಿದ್ಧವಾಗಿ, 2011ರಲ್ಲಿಯೇ ಭೌಗೋಳಿಕ ಸೂಚಕವನ್ನು ಪಡೆದಿದ್ದರೂ, 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ರೈತರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟರು. ಆ ಹಿಂಸೆ ಸಮರ್ಥನೀಯವಲ್ಲ. ಆದರೆ ಇಷ್ಟು ದೊಡ್ಡ ಹೆಸರಿನ ನೆರಳಿನಲ್ಲಿ ನಿಂತವರಿಗೆ ತಮ್ಮ ಮಾತು ಕೇಳಿಸಲು ಬೇರೆ ದಾರಿ ತೋರದೆ ಹೋದುದು ಆ ಹೆಸರನ್ನು ನಡೆಸುವವರೆಲ್ಲರ ಚಿಂತೆಯಾಗಬೇಕು.

ಜಮಖಾನದ ವಿಷಯದಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಉಳಿದಿದೆ. ಈ ನೇಯ್ಗೆಯ ಮರ್ಮ ಮದುವೆಯಾಗಿ ಹೊರಗೆ ಹೋಗುವ ಹೆಣ್ಣುಮಕ್ಕಳೊಡನೆ ಪರರ ಮನೆ ಸೇರದಿರಲೆಂದು, ಅವರಿಗೆ ಕಲಿಸದೆ ಕಾಪಾಡಿಕೊಂಡು ಬಂದ ವಾಡಿಕೆ ಆ ಮನೆಗಳಲ್ಲಿತ್ತೆಂದು ಹೇಳುತ್ತಾರೆ. ಕಸುಬು ಕ್ಷೀಣಿಸುತ್ತಿರುವ ಈ ಹೊತ್ತಿನಲ್ಲಿ ತರಬೇತಿ ಶಿಬಿರವೇ ಪರಿಹಾರವೆಂದು ಹೊರಗಿನವರು ಸುಲಭವಾಗಿ ಸೂಚಿಸಬಹುದು. ಆದರೆ ಆ ಮರ್ಮವೇ ಒಂದು ಕಾಲದಲ್ಲಿ ಆ ಮನೆಗಳ ಏಕೈಕ ಆಸ್ತಿಯಾಗಿತ್ತು. ಅದನ್ನು ಯಾರಿಗೆ, ಯಾವ ಬೆಲೆಗೆ, ಯಾವ ನಿಬಂಧನೆಯ ಮೇಲೆ ಬಿಟ್ಟುಕೊಡಬೇಕೆಂಬುದನ್ನು ತೀರ್ಮಾನಿಸತಕ್ಕವರು ಆ ಹೆಂಗಸರೇ. ಬ್ರ್ಯಾಂಡಿನ ಯೋಜನೆ ಬರೆಯಹೊರಟವನು ಲಾಂಛನವನ್ನೂ ಘೋಷವಾಕ್ಯವನ್ನೂ ಬದಿಗಿಟ್ಟು ಈ ಪ್ರಶ್ನೆಯನ್ನು ಅವರ ಮುಂದಿಡಲಿ. ಮನೆಯ ಹಿರಿಯ ಹೆಂಗಸರು ತಮ್ಮತಮ್ಮಲ್ಲಿ ವಿಚಾರಮಾಡಿ ಉತ್ತರ ಕೊಡುವವರೆಗೆ, ಯೋಜನೆಯ ಗಡುವು ಮೀರಿದರೂ ಚಿಂತೆಯಿಲ್ಲ, ಕಾದಿರಲಿ.