ಮಂಜಿನ ಅಳತೆಗಾರ

ಜಗಳೂರು, ಚನ್ನಗಿರಿಯಿಂದ ರಾತ್ರಿಯೇ ಹೊರಟು ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಿದವರಿಗೆ, ಮಂಜಿನಿಂದ ವಿಮಾನ ತಡವೆಂದರೆ ಬೇಸರ ಸಹಜ. ನನಗೋ ಆ ತಡದ ಹಿಂದಿನ ಅಳತೆಯ ಕಸುಬು ಬಲು ಮೆಚ್ಚು. ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆಂದು ಅಳೆಯಲೆಂದೇ ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು ‘ದೃಷ್ಟಿ’ ಎಂಬ ಉಪಕರಣ ರೂಪಿಸಿದ್ದಾರೆ.

ರನ್‌ವೇ ಪಕ್ಕ ಎರಡು ಕಂಬ. ಒಂದರಿಂದ ಹೊರಟ ಬೆಳಕು ಮಂಜು ಹಾಯ್ದು ಇನ್ನೊಂದನ್ನು ಮುಟ್ಟುವಾಗ ಎಷ್ಟು ಉಳಿದಿದೆ ಎಂಬುದೇ ಲೆಕ್ಕ. ರನ್‌ವೇ ದೀಪಗಳ ಪ್ರಖರತೆ, ಸುತ್ತಲಿನ ಬೆಳಕನ್ನೂ ಸೇರಿಸಿದರೆ ಪೈಲಟ್‌ಗೆ ಎಷ್ಟು ಮೀಟರ್ ಕಾಣುತ್ತದೆಂದು ತಿಳಿಯುತ್ತದೆ. ಮಂಜು ಒಂದೇ ಸಮ ಇರುವುದಿಲ್ಲ. ಈಗ 600 ಇದ್ದದ್ದು ಸ್ವಲ್ಪದರಲ್ಲೇ 400. ಮಂಜಿನಲ್ಲಿ ಇಳಿಯಲು ನೆರವಾಗುವ ವ್ಯವಸ್ಥೆಗಳ ಮೊದಲ ಹಂತವಾದ ಕ್ಯಾಟ್ 1ರಲ್ಲಿ ಇಳಿಯಲು 550 ಮೀಟರ್ ಕಾಣಬೇಕು. ವಿಮಾನ 1,000 ಅಡಿಗೆ ಬರುವ ಮುನ್ನವೇ ಅಂಕಿ ಅದಕ್ಕಿಂತ ಕುಸಿದರೆ ಇನ್ನೂ ಕೆಳಗಿಳಿಯುವಂತಿಲ್ಲ. ಆಮೇಲೆ ಕುಸಿದರೆ 200 ಅಡಿಯವರೆಗೆ ಬರಬಹುದು. ಅಲ್ಲಿ ದೀಪಗಳು ಕಣ್ಣಿಗೆ ಬಿದ್ದರೆ ಸರಿ, ಇಲ್ಲವೇ ಮತ್ತೆ ಮೇಲೇರಲೇಬೇಕು. ಎಂಥ ಖಚಿತ ನಿಯಮ! ಆತುರಕ್ಕೆ ಅಲ್ಲಿ ಎಡೆಯೇ ಇಲ್ಲ.

ದೇವನಹಳ್ಳಿಯ ದಕ್ಷಿಣ ರನ್‌ವೇಗೆ ಈಗ ಇನ್ನೂ ಮುಂದಿನ ಹಂತವಾದ ಕ್ಯಾಟ್ 3ಬಿ ಬಂದಿದೆ. ತಕ್ಕ ವಿಮಾನ, ತರಬೇತಿ ಪಡೆದ ಪೈಲಟ್ ಇದ್ದರೆ ಇಳಿಯಲು 50 ಮೀಟರ್ ಕಂಡರೆ ಸಾಕು. ದೆಹಲಿಯ ದಟ್ಟ ಮಂಜಿನಲ್ಲೂ ನಮ್ಮ ‘ದೃಷ್ಟಿ’ ದುಡಿಯುತ್ತಿದೆ.