ಆಟೊ ಕೋನಿಗ್ಸ್‌ಬರ್ಗರ್ ಮತ್ತು ನೆರಳಿನ ವಾಸ್ತು

ಮೈಸೂರು ಸಂಸ್ಥಾನದ ಆಧುನಿಕ ವಾಸ್ತುಶಿಲ್ಪವೆಂದೊಡನೆ ನಾವು 1912ರಲ್ಲಿ ಮುಗಿದ ಅರಮನೆಯನ್ನೂ ಲಲಿತಮಹಲನ್ನೂ ವರ್ಣಿಸಿ ತೃಪ್ತರಾಗುತ್ತೇವೆ. 1939ರಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಆಟೊ ಕೋನಿಗ್ಸ್‌ಬರ್ಗರ್ (1908-1999) ಅವರನ್ನು ನೆನೆಯುವವರು ವಿರಳ.

ಬರ್ಲಿನ್ನಿನಲ್ಲಿ ಜನಿಸಿ, ಯೆಹೂದ್ಯ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತದಲ್ಲಿ ನೆಲೆ ಕಳೆದುಕೊಂಡು, ಈಜಿಪ್ಟಿನ ಮಾರ್ಗವಾಗಿ ಇಲ್ಲಿಗೆ ಬಂದ ಇವರು ಯುರೋಪಿನ ಮಾದರಿಯನ್ನು ಯಥಾವತ್ತಾಗಿ ತಂದು ನೆಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡದಲ್ಲಿ ಗೋಪುರವಿಲ್ಲ, ಕಮಾನಿಲ್ಲ. ಬಿಸಿಲನ್ನು ತಡೆಯುವ ಚಾಚು, ಗಾಳಿ ಹಾಯುವ ಕಿಟಕಿಗಳೇ ಅದರ ರೂಪವನ್ನು ನಿರ್ಧರಿಸಿವೆ. 1951ರಲ್ಲಿ ಲಂಡನ್ನಿಗೆ ತೆರಳಿದ ಮೇಲೆ ಅವರು ಬೋಧಿಸಿದ ಉಷ್ಣವಲಯದ ವಾಸ್ತುವಿದ್ಯೆಗೆ ಭಾರತದ ಈ ಅನುಭವವೇ ಬುನಾದಿ.

ಆದರೂ ಇದೆಲ್ಲವೂ ಅವರ ಆವಿಷ್ಕಾರವೆಂದು ಹೊಗಳುವುದು ಸಲ್ಲದು. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಹೆಂಚಿನ ಮನೆಗಳ ಜಗಲಿ, ಮುಂಚಾಚಿದ ಸೂರು, ನಡುವಣ ತೊಟ್ಟಿ ಇದೇ ತತ್ತ್ವವನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿವೆ. ಆ ತತ್ತ್ವವನ್ನು ಶಾಸ್ತ್ರಕ್ಕೂ ಕಾಂಕ್ರೀಟಿಗೂ ಸಾರ್ವಜನಿಕ ಕಟ್ಟಡಕ್ಕೂ ಅಳವಡಿಸಿದುದೇ ಅವರ ಹಿರಿಮೆ. ಇಂದು ತೊಟ್ಟಿಮನೆಗಳನ್ನು ಕೆಡವಿ, ಆ ಜಾಗದಲ್ಲಿ ನೆರಳಿಲ್ಲದ ತಾರಸಿ ಮನೆಗಳನ್ನು ಎಬ್ಬಿಸುತ್ತಿರುವ ನಾವು ಊರಿನ ಗಾರೆಯವನನ್ನೂ ಪರದೇಶದ ಪಂಡಿತನನ್ನೂ ಒಟ್ಟಿಗೆ ಮರೆಯುತ್ತಿದ್ದೇವೆ.